ತೋಳನ ಹೆಸರು, ಕೆನ್ನಾಯಿಯ ಮೈ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಪ್ರೌಢಶಾಲೆಗೆ ಹೋಗುವ ಹುಡುಗನೊಬ್ಬನಿದ್ದಾನೆ. ಇಂಗ್ಲಿಷ್ ಓದಿನಲ್ಲಿ ಯಾವ ಶಬ್ದ ತೊಡಕಾದರೂ ಅದರ ವಿಚಾರಣೆ ನಮ್ಮ ಮನೆಯ ಜಗಲಿಯಲ್ಲಿಯೇ ನಡೆಯಬೇಕು. ಈಚೆಗೆ ಒಂದು ಭಾನುವಾರ ಅವನು ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪುಸ್ತಕವೊಂದನ್ನು ಹಿಡಿದು ಬಂದ. ಅದು 1895ರಲ್ಲಿ ಮೊದಲು ಪ್ರಕಟವಾದ, ಕಿಪ್ಲಿಂಗನ ಎರಡನೆಯ ‘ಜಂಗಲ್ ಬುಕ್’. ಮೌಗ್ಲಿಯ ತೋಳಗಳ ಮೇಲೆ ದಖ್ಖನಿನ ಕಡೆಯಿಂದ ಕೆಂಪು ನಾಯಿಗಳ ದಂಡೊಂದು ದಾಳಿಯಿಡುವ ಕಥೆ ಅದರಲ್ಲುಂಟು. ಆ ನಾಯಿಗಳನ್ನು ಕಿಪ್ಲಿಂಗ್ ‘ಡೋಲ್’ ಎಂದು ಕರೆದಿದ್ದಾನೆ.

“ತಾತ, ಡೋಲು ಎಂದರೆ ಮದುವೆಯಲ್ಲಿ ಬಾರಿಸುವುದಲ್ಲವೆ? ಅದು ನಾಯಿ ಹೇಗಾಯಿತು?”

ಡೋಲಿಗೂ ಇದಕ್ಕೂ ನಂಟಿಲ್ಲವೆಂದೂ, ಇದು ನಮ್ಮ ಬಂಡೀಪುರ ನಾಗರಹೊಳೆಗಳ ಕಾಡುನಾಯಿಯೆಂದೂ ಹೇಳಿದೆ. ಸೀಳುನಾಯಿ, ಕೆನ್ನಾಯಿ ಎಂಬುವೂ ಅದರ ಹೆಸರುಗಳೇ. ಹುಡುಗನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಹಾಗಾದರೆ ಇಂಗ್ಲಿಷರಿಗೆ ‘ಡೋಲ್’ ಎಲ್ಲಿ ಸಿಕ್ಕಿತು? ನಿಘಂಟನ್ನು ತೆರೆದೆವು. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಹೇಳುವುದಿಷ್ಟು: ಇದು ಪ್ರಾಯಶಃ ಕನ್ನಡದ ‘ತೋಳ’ ಶಬ್ದದಿಂದ ಬಂದಿರಬಹುದು.

ಹುಡುಗ ಹಿಗ್ಗಿದ. ಸತ್ಯ ಹೇಳಬೇಕೆಂದರೆ ನಾನೂ ಹಿಗ್ಗಿದೆ. ಇಂಗ್ಲಿಷಿನಿಂದ ಸಾಲ ತಂದು ತಂದು ಬಳಲಿದವರಿಗೆ, ನಾವೂ ಅವರಿಗೆ ಒಂದನ್ನು ಕೊಟ್ಟಿದ್ದೇವೆಂದು ಕೇಳಿದರೆ ಆಗುವ ಸಂತೋಷ ಸಣ್ಣದಲ್ಲ. ಆದರೆ ನಿಘಂಟುಕಾರನು ‘ಪ್ರಾಯಶಃ’ ಎಂಬ ಮಾತನ್ನು ಅಲ್ಲಿ ಸುಮ್ಮನೆ ಇಟ್ಟಿಲ್ಲ. ಅವನು ಎಳೆದ ಆ ಗೆರೆಯನ್ನು ಕಾಣದವರಂತೆ ದಾಟಿಬಿಡುವುದು ಭಾಷಾಭಿಮಾನಕ್ಕೆ ಶೋಭೆಯಲ್ಲ. ಆದುದರಿಂದ ಇಬ್ಬರೂ ಕುಳಿತು ಆ ಶಬ್ದವನ್ನು ಕೊಂಚ ವಿಚಾರಿಸಿದೆವು.

ಒಂದು ಶಬ್ದ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಯಿತೆನ್ನಲು ಮೂರು ಸಾಕ್ಷಿಗಳು ಬೇಕು. ಧ್ವನಿ ಹೊಂದಬೇಕು, ಅರ್ಥ ಹೊಂದಬೇಕು, ಹೋದ ದಾರಿ ಕಾಣಬೇಕು. ಮೂರೂ ದೊರೆತ ನಿದರ್ಶನವೊಂದು ನಮ್ಮ ನೆರೆಯಲ್ಲಿಯೇ ಇದೆ. ನಮ್ಮ ಚರಂಡಿಗಳಲ್ಲಿ ಓಡಾಡುವ ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ‘ಬ್ಯಾಂಡಿಕೂಟ್’ ಎನ್ನುತ್ತಾರೆ. ಇದು ತೆಲುಗಿನ ‘ಪಂದಿಕೊಕ್ಕು’. ತೆಲುಗಿನ ‘ಪಂದಿ’ಯೇ ಕನ್ನಡದ ‘ಹಂದಿ’. ಹಂದಿಯಂತಹ ಇಲಿಯೆಂಬುದು ಒಟ್ಟರ್ಥ. ಧ್ವನಿ ಸರಿಯಾಗಿದೆ, ಪ್ರಾಣಿ ಅದೇ ಪ್ರಾಣಿ. ಕಂಪನಿಯವರು 1611ರಲ್ಲಿಯೇ ತೆಲುಗು ಕರಾವಳಿಯ ಮಚಲೀಪಟ್ಟಣದಲ್ಲಿ ಕೋಠಿ ತೆರೆದಿದ್ದುದರಿಂದ ದಾರಿಯೂ ನಿಚ್ಚಳವಾಗಿದೆ. ಆ ಹೆಸರು ಮುಂದೆ ಆಸ್ಟ್ರೇಲಿಯಾಕ್ಕೂ ಹೋಗಿ, ಹೆಗ್ಗಣದ ಕುಲಕ್ಕೆ ಸೇರದ ಹೊಟ್ಟೆಚೀಲದ ಪ್ರಾಣಿಯೊಂದಕ್ಕೆ ಅಂಟಿಕೊಂಡಿತು. ಹೆಸರು ಒಮ್ಮೆ ಊರು ಬಿಟ್ಟರೆ ಯಾರ ಮೈಮೇಲೆ ಕೂರುವುದೋ ಹೇಳಲಾಗದು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಇನ್ನು ‘ಡೋಲ್’. ಮೊದಲು ಧ್ವನಿ. ನಮ್ಮ ‘ಳ’ಕಾರ ಇಂಗ್ಲಿಷರ ಬಾಯಲ್ಲಿ ‘ಲ’ಕಾರವಾಗುವುದು ಸಹಜ. ನಮ್ಮ ‘ತ’ಕಾರವೂ ಅವರ ನಾಲಗೆಗೆ ಒಗ್ಗದ್ದು, ಅದನ್ನು ಅವರು ಹೇಗೆ ಬರೆದಾರೆಂದು ಹೇಳುವುದು ಕಷ್ಟ. ಇಲ್ಲಿ ಒಂದು ಪ್ರಲೋಭನೆ ಎದುರಾಗುತ್ತದೆ. ಕನ್ನಡದ ಆದೇಶ ಸಂಧಿಯಲ್ಲಿ ತಕಾರಕ್ಕೆ ದಕಾರ ಬರುವುದು ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅಡಿ, ತಾವರೆ ಸೇರಿ ಅಡಿದಾವರೆಯಾಗುತ್ತದೆ. ಹಾಗೆಯೇ ಕಾಡು, ತೋಳ ಸೇರಿ ‘ಕಾಡುದೋಳ’ವಾಗಿ, ಅದರ ತುಂಡೇ ‘ಡೋಲ್’ ಆಗಿರಬಾರದೇಕೆ? ವಾದ ಚೆನ್ನಾಗಿದೆ. ಆದರೆ ‘ಕಾಡುದೋಳ’ವೆಂಬುದು ಆ ಕ್ಷಣದಲ್ಲಿ ನಾನೇ ಕಟ್ಟಿದ ಶಬ್ದ. ಯಾರೂ ಆಡದ ಮಾತನ್ನು ಸಾಕ್ಷಿಯ ಕಟಕಟೆಗೆ ತಂದು ನಿಲ್ಲಿಸಲಾಗದು.

ಹುಡುಗನೂ ಸುಮ್ಮನಿರಲಿಲ್ಲ. ಅದೇ ಕಥೆಯಲ್ಲಿ ಕೆಂಪು ನಾಯಿಗಳ ಸುದ್ದಿಯನ್ನು ತರುವುದು ಗುಂಪು ಬಿಟ್ಟು ಒಂಟಿಯಾಗಿ ಬಾಳುವ ಒಂದು ತೋಳ. ಅದರ ಹೆಸರು ‘ವೊನ್‌ತೊಲ್ಲ’. “ತಾತ, ಇದು ಒಂಟಿತೋಳವೇ!” ಎಂದ. ನನ್ನ ಮೈ ಒಮ್ಮೆ ಜುಮ್ಮೆಂದಿತು. ಧ್ವನಿ, ಅರ್ಥ ಎರಡೂ ಇಷ್ಟು ಸೊಗಸಾಗಿ ಕೂಡುವುದು ಅಪರೂಪ. ಆದರೂ ಕಿಪ್ಲಿಂಗ್ ಬಲ್ಲ ಪ್ರದೇಶ ಉತ್ತರದ ಪಂಜಾಬು. ಈ ಹೆಸರು ಅವನ ಕೈಗೆ ಯಾವ ದಾರಿಯಲ್ಲಿ ಬಂತೆಂಬುದನ್ನು ತೋರಿಸುವವರೆಗೆ ಇದನ್ನು ಚೆಲುವಾದ ಹೋಲಿಕೆಯೆನ್ನಬಹುದೇ ಹೊರತು ಸಿದ್ಧವಾದ ಸಂಗತಿಯೆನ್ನಲಾಗದು.

ಎರಡನೆಯದು ಅರ್ಥ. ತೋಳ ಬೇರೆ, ಕೆನ್ನಾಯಿ ಬೇರೆ. ತೋಳ ಬಯಲುಸೀಮೆಯ, ಕುರುಚಲು ಗುಡ್ಡಗಳ ಪ್ರಾಣಿ. ಕುರಿಮಂದೆ ಕಾಯುವವರ ಹಳೆಯ ವೈರಿ. ಕೆನ್ನಾಯಿ ದಟ್ಟ ಕಾಡಿನದು. ಕೆಂಪು ಮೈ, ಪೊದೆಯಂತಹ ಕಪ್ಪು ಬಾಲ, ಒಂದನ್ನೊಂದು ಕರೆಯಲು ಸಿಳ್ಳಿನಂತಹ ಕೂಗು. ನಾಯಿ ತೋಳಗಳ ಕೆಳದವಡೆಯಲ್ಲಿ ಪ್ರತಿ ಪಕ್ಕಕ್ಕೂ ಮೂರು ಹಿಂದವಡೆ ಹಲ್ಲುಗಳಿದ್ದರೆ ಇದಕ್ಕೆ ಎರಡೇ. ಆದ್ದರಿಂದಲೇ 1838ರಲ್ಲಿ ಹಾಡ್ಜ್‌ಸನ್ ಎಂಬ ವಿದ್ವಾಂಸ ಇದಕ್ಕೆ ಪ್ರತ್ಯೇಕ ಕುಲವನ್ನೇ ಕಲ್ಪಿಸಿದ. ಹೀಗಿರಲು ಒಂದರ ಹೆಸರು ಇನ್ನೊಂದಕ್ಕೆ ಹೋದೀತೆ?

ಹೋದೀತು. ಇದಕ್ಕೆ ನೆರೆಯ ನುಡಿಗಳೇ ಸಾಕ್ಷಿ. ಕನ್ನಡದ ‘ಕೆನ್ನಾಯಿ’ಯೂ ತಮಿಳಿನ ‘ಚೆನ್ನಾಯ್’ ಎಂಬುದೂ ಒಂದೇ ಶಬ್ದ. ಕನ್ನಡದ ‘ಕೆಂ’ ತಮಿಳಿನಲ್ಲಿ ‘ಚೆಂ’ ಆಗುವುದು ನಿಯಮ. ಎರಡಕ್ಕೂ ಕೆಂಪು ನಾಯಿಯೆಂದೇ ಅರ್ಥ. ಅದೇ ಶಬ್ದ ಮಲಯಾಳದಲ್ಲಿ ‘ಚೆನ್ನಾಯ’ ಎಂಬ ರೂಪದಲ್ಲಿದೆ. ಆದರೆ ಅಲ್ಲಿ ಅದು ಸಾಮಾನ್ಯವಾಗಿ ಸೂಚಿಸುವುದು ತೋಳವನ್ನು! ಕೆನ್ನಾಯಿಯ ಹೆಸರು ತೋಳಕ್ಕೆ ಹೋಗಬಹುದಾದರೆ, ತೋಳದ ಹೆಸರು ಕೆನ್ನಾಯಿಗೆ ಬರುವುದು ಅಸಾಧ್ಯವೇನಲ್ಲ.

ಮೂರನೆಯದು ದಾರಿ. ತೊಡಕು ಇಲ್ಲಿಯೇ. ಈ ಹೆಸರನ್ನು ಮೊದಮೊದಲು ಬರೆದಿಟ್ಟವರಲ್ಲಿ ಒಬ್ಬ ಥಾಮಸ್ ವಿಲಿಯಮ್ಸನ್ ಎಂಬ ಬಂಗಾಳದ ಸೈನ್ಯಾಧಿಕಾರಿ. ಕಾಲ 19ನೆಯ ಶತಮಾನದ ಮೊದಲ ದಶಕ. ಅವನು ಆ ಪ್ರಾಣಿಯನ್ನು ಕಂಡದ್ದು ಇಂದಿನ ಜಾರ್ಖಂಡದ ರಾಮಗಢ ಸೀಮೆಯಲ್ಲಿ. ‘ಡೋಲ್’ ಎಂಬುದು ಅಲ್ಲಿಯ ಜನರ ಮಾತೆಂದೇ ಅವನ ಹೇಳಿಕೆ. ಅಲ್ಲಿಗೆ ಕನ್ನಡದ ಶಬ್ದ ಹೋದದ್ದು ಹೇಗೆ? ಆ ಸೀಮೆಯಲ್ಲಿ ದ್ರಾವಿಡ ವರ್ಗದ ಕುರುಖ್ ಭಾಷೆಯಿದೆಯೆಂದು ನೆನೆಯಬಹುದು. 1791ರಲ್ಲಿ ಕಾರ್ನ್‌ವಾಲಿಸ್ ನಮ್ಮ ಬೆಂಗಳೂರಿನ ಕೋಟೆಯನ್ನು ಹಿಡಿದಾಗ ಅವನ ಸೈನ್ಯದಲ್ಲಿ ಬಂಗಾಳದ ಸಿಪಾಯಿಗಳಿದ್ದರೆಂದೂ ನೆನೆಯಬಹುದು. ಇವೆರಡೂ ಬಾಗಿಲುಗಳೇ ಅಹುದು. ಆ ಬಾಗಿಲಿನಿಂದ ಶಬ್ದ ದಾಟಿತೆಂಬುದಕ್ಕೆ ಹೆಜ್ಜೆಯ ಗುರುತು ಬೇಕು. ಅದಿಲ್ಲ. ಸಾಲದುದಕ್ಕೆ 1907ರಲ್ಲಿ ಲಿಡೆಕ್ಕರ್ ಎಂಬ ಪ್ರಾಣಿಶಾಸ್ತ್ರಜ್ಞ, ಈ ಪ್ರಾಣಿಯಿರುವ ಸೀಮೆಯ ಜನ ಯಾರೂ ಇದನ್ನು ಹೀಗೆ ಕರೆಯುವುದಿಲ್ಲವೆಂದು ಬರೆದ.

ಸಾಕ್ಷಿಯಿಲ್ಲದೆ ವ್ಯುತ್ಪತ್ತಿ ಹೇಳಿದರೆ ಏನಾಗುವುದೆಂಬುದನ್ನೂ ಇದೇ ಶಬ್ದ ತೋರಿಸಿಕೊಟ್ಟಿದೆ. ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಎಂಬಾತ 1829ರಲ್ಲಿ ಇದನ್ನು ಹುಚ್ಚು ಎಂಬರ್ಥದ ತುರ್ಕಿ ಶಬ್ದವೊಂದಕ್ಕೆ ಗಂಟುಹಾಕಿದ. ಅದು ನಿಲ್ಲುವ ವಾದವಲ್ಲ. ಆದರೆ ಕೆನ್ನಾಯಿಯನ್ನು ಬೇಟೆಗಾರರು ಹಾಗೆಯೇ ಕಂಡರು. ಜೀವವಿರುವಾಗಲೇ ಬೇಟೆಯನ್ನು ಹರಿದು ತಿನ್ನುವ ಪೀಡೆಯೆಂದು ಹೆಸರಿಟ್ಟು, ಕೊಂದವರಿಗೆ ಇನಾಮು ಕೊಡುತ್ತಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಅದಕ್ಕೆ ರಕ್ಷಣೆ ದೊರೆಯಿತು. ಆ ದಶಕದಲ್ಲಿಯೇ ಎ. ಜೆ. ಟಿ. ಜಾನ್‌ಸಿಂಗ್ ಅವರು ಬಂಡೀಪುರದಲ್ಲಿ ಅದರ ಹಿಂದೆ ಅಲೆದು, ಮರಿಗಳಿಗೆ ಕೂಟವೆಲ್ಲ ಕೂಡಿ ಉಣಿಸುವ ಅದರ ಸಂಸಾರವನ್ನು ಲೋಕಕ್ಕೆ ತಿಳಿಸಿದರು. ತೋಳಕ್ಕೂ 1974ರಲ್ಲಿ ಮೇಲುಕೋಟೆಯಲ್ಲಿ ಅಭಯಾರಣ್ಯವೊಂದು ದೊರೆಯಿತು. ಹೀಗೆ ಹೆಸರಿನ ನಂಟು ಸಂಶಯದಲ್ಲಿದ್ದರೂ ಈ ಎರಡು ಪ್ರಾಣಿಗಳ ಅದೃಷ್ಟ ಒಂದೇ ಆಗಿದೆ.

ನನಗೆ ವ್ಯಥೆಯಾಗುವುದು ಬೇರೊಂದು ಕಾರಣಕ್ಕೆ. ಆ ಹುಡುಗನಿಗೆ ‘ಡೋಲ್’ ತಿಳಿಯದಿದ್ದುದು ದೊಡ್ಡದಲ್ಲ, ‘ಕೆನ್ನಾಯಿ’ಯೂ ತಿಳಿದಿರಲಿಲ್ಲ. ಕೃಪಾಕರ ಸೇನಾನಿಯವರು ‘ಕೆನ್ನಾಯಿಯ ಜಾಡಿನಲ್ಲಿ’ ಎಂದು ಪುಸ್ತಕವನ್ನೇ ಬರೆದಿರುವ ಭಾಷೆಯಲ್ಲಿ ಹುಟ್ಟಿದ ಮಗು ಅದು. ಇಂಗ್ಲಿಷಿಗೆ ನಾವು ಒಂದು ಶಬ್ದವನ್ನು ಕೊಟ್ಟೆವೋ ಇಲ್ಲವೋ, ನಮ್ಮಲ್ಲಿರುವ ಇಂತಹ ಹೆಸರನ್ನು ನಮ್ಮ ಮಕ್ಕಳಿಗೆ ಕೊಡಬೇಕಾದುದಂತೂ ನಿಜ.

ಹುಡುಗ ತನ್ನ ನೋಟುಪುಸ್ತಕದಲ್ಲಿ ‘ಡೋಲ್: ಕನ್ನಡದ ತೋಳದಿಂದ ಬಂದದ್ದು’ ಎಂದು ಬರೆದುಕೊಂಡಿದ್ದ. ‘ಬಂದದ್ದು’ ಎಂಬುದನ್ನು ಹೊಡೆದುಹಾಕಿ ‘ಬಂದಿರಬಹುದು’ ಎಂದು ತಿದ್ದಲು ಹೇಳಿದೆ. ಅವನು ಪೆನ್ನನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದ. ಗೆದ್ದ ಕೋಟೆಯನ್ನು ಬಿಟ್ಟುಕೊಡುವವನ ಮುಖ. ಕೊನೆಗೆ ತಿದ್ದಿದ. ಅದರ ಕೆಳಗೆ, ನಾನು ಹೇಳದಿದ್ದರೂ, ‘ಕೆನ್ನಾಯಿ’ ಎಂದು ದಪ್ಪಕ್ಷರದಲ್ಲಿ ಬರೆದ. ಅದರ ಮುಂದೆ ‘ಬಹುದು’ ಎಂಬುದು ಬೇಕಾಗಲಿಲ್ಲ.