ಜನಪದವೂ ದುರ್ಗವೂ

ಕೌಟಿಲ್ಯನು ರಾಜ್ಯದ ಏಳು ಅಂಗಗಳನ್ನು ಎಣಿಸುವಾಗ ಜನಪದವನ್ನು ದುರ್ಗಕ್ಕಿಂತ ಮುಂದಿಟ್ಟನು. ಕೋಟೆ, ಬೊಕ್ಕಸ, ದಂಡು ಎಲ್ಲಕ್ಕೂ ಜನಪದವೇ ಬೇರು ಎಂಬುದು ಅವನ ವಾದ. ಹಳೆಯ ಕಾವ್ಯಗಳ ರಾಜನೀತಿಯ ಭಾಗಗಳನ್ನು ಪಾಠ ಹೇಳುವಾಗ ಈ ಮಾತು ಬಂದಿತೆಂದರೆ ನನ್ನ ಮನಸ್ಸು ಸ್ವಿಟ್ಸರ್ಲೆಂಡಿನತ್ತ ಹರಿಯುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕಾದ ಸಂಕಟ ಆ ಪುಟ್ಟ ನಾಡಿಗೆ 1940ರಲ್ಲಿ ಒದಗಿತ್ತು.

ಅಲ್ಲಿನ ಸೈನ್ಯದ ಕಟ್ಟಡವೇ ಬೇರೆ ಬಗೆಯದು. ಕಾಯಮ್ಮಾಗಿ ದಂಡಿನಲ್ಲಿರುವವರು ಕೆಲವರೇ. ರೈತ, ಗಡಿಯಾರದ ಕುಶಲಿ, ಶಾಲೆಯ ಮಾಸ್ತರು ತರಬೇತು ಮುಗಿಸಿ ಬಂದೂಕನ್ನು ಮನೆಗೆ ಒಯ್ಯುತ್ತಾರೆ. ಕರೆ ಬಂದಾಗ ಸಿಪಾಯಿಗಳಾಗುತ್ತಾರೆ. ಶಾಂತಿಕಾಲದಲ್ಲಿ ‘ಜನರಲ್’ ಎಂಬ ಪದವಿಯೇ ಅಲ್ಲಿಲ್ಲ; ಯುದ್ಧಭೀತಿ ಒದಗಿದಾಗ ಸಂಸತ್ತು ಒಬ್ಬನನ್ನು ಆರಿಸುತ್ತದೆ. 1939ರ ಆಗಸ್ಟ್ 30ರಂದು ಹಾಗೆ ಆಯ್ಕೆಯಾದವನು ಆನ್ರಿ ಗಿಜಾನ್, ಬೇಸಾಯ ಬಲ್ಲವನು. ಸುಮಾರು 42 ಲಕ್ಷ ಜನರಿದ್ದ ನಾಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಅವನ ಕೈಕೆಳಗೆ ನಿಂತರು.

1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದಿತು. ಜುಲೈ 25ರಂದು ಗಿಜಾನ್ ತನ್ನ ಹಿರಿಯ ಅಧಿಕಾರಿಗಳನ್ನು ಲೂಸರ್ನ್ ಸರೋವರದ ದಡದ ರ್‍ಯೂಟ್ಲಿ ಹುಲ್ಲುಗಾವಲಿಗೆ ಕರೆಸಿದನು. 1291ರಲ್ಲಿ ಮೂರು ಸೀಮೆಗಳವರು ಒಂದಾಗುವ ಪ್ರತಿಜ್ಞೆ ಮಾಡಿದರೆಂದು ಐತಿಹ್ಯ ಹೇಳುವ ಸ್ಥಳವದು. ಅಲ್ಲಿ ಅವನು ವಿವರಿಸಿದ ಯೋಜನೆ ಕಠಿಣವಾದುದು: ಸೈನ್ಯದ ಬಹುಭಾಗ ಆಲ್ಪ್ಸ್ ಪರ್ವತಗಳ ಒಳಗೆ ಸರಿಯಬೇಕು, ವೈರಿ ನುಗ್ಗಿದರೆ ಗೊಟ್ಟಾರ್ಡ್, ಸಿಂಪ್ಲನ್ ಸುರಂಗಗಳನ್ನು ಸಿಡಿಸಿ, ಜರ್ಮನಿಗೂ ಇಟಲಿಗೂ ನಡುವಣ ದಾರಿಯನ್ನೇ ಇಲ್ಲವಾಗಿಸಬೇಕು. ಆದರೆ ಜ್ಯೂರಿಕ್, ಬಾಸೆಲ್, ಜಿನೀವಾ ನಗರಗಳಿದ್ದುದು ಬೆಟ್ಟದ ಹೊರಗೆ. ಸಿಪಾಯಿಗಳ ಮಡದಿಮಕ್ಕಳಿದ್ದುದೂ ಹೆಚ್ಚಾಗಿ ಅಲ್ಲೇ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಹಾಗಾದರೆ ಆ ಸಿಪಾಯಿ ಕಾಯುತ್ತಿದ್ದುದು ಯಾರನ್ನು, ಸಾರ್?” ನಾನು ಆಗ ನಿರುತ್ತರನಾದೆ.

ದಾಳಿ ಬರಲಿಲ್ಲ. ಅದು ಬೆಟ್ಟದ ಮಹಿಮೆಯೊಂದೇ ಎಂದರೆ ಇತಿಹಾಸಕ್ಕೆ ಅಪಚಾರವಾದೀತು. ಜರ್ಮನಿಯೊಡನೆ ವ್ಯಾಪಾರ ನಡೆಯಿತು; ಅದರ ಚಿನ್ನವನ್ನು ಸ್ವಿಸ್ ಬ್ಯಾಂಕು ಕೊಂಡಿತು; ಅದರ ಕಲ್ಲಿದ್ದಲು ಅದೇ ಸುರಂಗಗಳ ಮೂಲಕ ಇಟಲಿಗೆ ಸಾಗಿತು. 1942ರ ಆಗಸ್ಟಿನಲ್ಲಿ, ಪ್ರಾಣಭಯದಿಂದ ಓಡಿಬಂದ ಯೆಹೂದ್ಯರಿಗೆ ಗಡಿಯನ್ನು ಮುಚ್ಚಲಾಯಿತು. ಹಲವರು ಹೇಗೋ ಒಳಗೆ ಬಂದು ಬದುಕಿದರು. ಸಾವಿರಾರು ಮಂದಿ ಹಿಂದಿರುಗಬೇಕಾಯಿತು. ಶರಣಾಗತರಿಗೆ ಬಾಗಿಲು ಮುಚ್ಚಿದ ದುರ್ಗಕ್ಕೆ ಕಳಂಕ ತಪ್ಪದು. ಸರಕಾರವೇ ನೇಮಿಸಿದ ಬೆರ್ಜಿಯೇ ಆಯೋಗವು 2002ರ ತನ್ನ ವರದಿಯಲ್ಲಿ ಈ ಕಹಿಯನ್ನು ಬಚ್ಚಿಡಲಿಲ್ಲ.

ಆ ಜನ ತಮ್ಮ ಸೈನ್ಯವನ್ನೂ ಪ್ರಶ್ನೆಗೆ ಅತೀತವೆಂದು ಎಣಿಸಲಿಲ್ಲ. ಸೈನ್ಯವೇ ಬೇಡವೆಂಬ ಸಲಹೆ 1989ರಲ್ಲಿ ಜನಮತಕ್ಕೆ ಬಂದು, ನೂರಕ್ಕೆ 35.6 ಮಂದಿ ಒಪ್ಪಿದರು. 2013ರಲ್ಲಿ ಕಡ್ಡಾಯ ಸೇವೆಯನ್ನು ತೆಗೆಯಬೇಕೇ ಎಂದು ಕೇಳಿದಾಗ ನೂರಕ್ಕೆ 73 ಮಂದಿ ಕೂಡದೆಂದರು.

ಆ ವಿದ್ಯಾರ್ಥಿನಿ ಇಂದು ಎದುರಿಗಿದ್ದರೆ ಇಷ್ಟು ಹೇಳಿಯೇನು: ದಂಡು ಬೇಕೇ ಬೇಡವೇ ಎಂದು ಕೇಳುವ, ಮಾಡಿದ ತಪ್ಪನ್ನು ಬರೆದಿಡುವ ಆ ಅಧಿಕಾರವನ್ನೇ ಸಿಪಾಯಿ ಕಾಯುತ್ತಿದ್ದನಮ್ಮ. ಗಡಿಯಿಂದ ಹಿಂದಿರುಗಿದವರಿಗೆ ಮಾತ್ರ ಈ ಉತ್ತರ ಸಾಲದು.