ಗುಲಾಮನ ಕೈಗುಣ

ಅಕ್ರೋಟಿನ ಕುಟುಂಬಕ್ಕೆ ಸೇರಿದ ವೃಕ್ಷಗಳಲ್ಲಿ ಉತ್ತರ ಅಮೆರಿಕದ ಪೆಕಾನ್ ಒಂದು. ಅದರ ಕಾಯಿ ನೀಳ, ತಿರುಳು ಸಿಹಿ. ಆದರೆ ಬೀಜದಿಂದ ಹುಟ್ಟಿದ ಗಿಡವು ತಾಯಿಮರದ ಗುಣವನ್ನು ಹಾಗೆಯೇ ಪಡೆಯುವುದಿಲ್ಲ. ಒಳ್ಳೆಯ ತಳಿ ಉಳಿಯಬೇಕಾದರೆ ಕಸಿಯೇ ದಾರಿ.

ಈ ದಾರಿಯನ್ನು ತೆರೆದವನು ಲೂಸಿಯಾನ ಪ್ರಾಂತದ ಓಕ್ ಆಲಿ ಎಂಬ ಕಬ್ಬಿನ ತೋಟದ ಮಾಲಿ, ಗುಲಾಮನಾದ ಆಂತ್ವಾನ್. ವೈದ್ಯನೊಬ್ಬನು ಯತ್ನಿಸಿ ಸೋತಿದ್ದ ಕಾರ್ಯವನ್ನು ಆತನು ಕೈಗೆತ್ತಿಕೊಂಡನು. 1846–47ರ ಚಳಿಗಾಲದಲ್ಲಿ ಉತ್ಕೃಷ್ಟವಾದ ಒಂದು ಮರದ ಕುಡಿಗಳಿಂದ ಆತನು ಕಟ್ಟಿದ ಕಸಿ 16 ಮರಗಳಲ್ಲಿ ಹಿಡಿಯಿತು.

1848ರಲ್ಲಿ ತೋಟದ ಒಡೆಯನು ತೀರಿಕೊಂಡನು. ಆಗ ಸಿದ್ಧವಾದ ಆಸ್ತಿಯ ಪಟ್ಟಿಯಲ್ಲಿ ಆಂತ್ವಾನನೂ ಒಂದು ವಸ್ತು: ವಯಸ್ಸು 38, ಪೆಕಾನ್ ಕಸಿಯಲ್ಲಿ ನಿಪುಣ, ಬೆಲೆ 1000 ಡಾಲರು!

ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ಅಂಗವಾಗಿ 1876ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಆ ಮರಗಳ ಕಾಯಿಗೆ ಪುರಸ್ಕಾರ ದೊರೆಯಿತು. ತಳಿಗೆ ‘ಸೆಂಟೆನಿಯಲ್’, ಅಂದರೆ ‘ಶತಮಾನೋತ್ಸವ’, ಎಂಬ ಹೆಸರೂ ಬಂದಿತು. ಕಾಯನ್ನು ಪ್ರದರ್ಶನಕ್ಕಿಟ್ಟವನು ಬೇರೊಬ್ಬ. ಮರಕ್ಕೆ ದೇಶದ ಹಬ್ಬದ ಹೆಸರು ದೊರೆಯಿತು. ಕಸಿ ಕಟ್ಟಿದವನಿಗೆ ಆಂತ್ವಾನ್ ಎಂಬ ಒಂಟಿ ಹೆಸರೊಂದೇ ಉಳಿಯಿತು.