ಕುಡಿತ ಬಿಡುವವರ ಸಭೆಗೆ ನುಗ್ಗಿದ ಪುಂಡರು!

ಕುಡಿತ ಬಿಡಲು ಒದ್ದಾಡುವವನ ಎದುರಿಗೇ ‘ಎಣ್ಣೆ ಎಷ್ಟು ಮಜಾ ಗೊತ್ತಾ?’ ಅಂತ ಕಿರುಚುವವರೂ ಲೋಕದಲ್ಲಿದ್ದಾರೆ ಸ್ವಾಮಿ! 2020ರಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಕೊರೋನಾ ಬಂದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳ ಕೋಣೆಗೆ ಬೀಗ ಬಿತ್ತು. ಸಭೆ ಜೂಮ್ ಪರದೆಗೆ ಬಂತು. ಹಿಂದೆಯೇ ಪುಂಡರೂ ಬಂದರು.

ಬಾಗಿಲು ಹಾಕಿದರಾಯ್ತು ಅನ್ನಬಹುದು. ಕಷ್ಟ ಇರೋದೇ ಅಲ್ಲಿ. 1935ರಲ್ಲಿ ಓಹಾಯೋದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬಿಬ್ಬರು ಕುಡುಕರೇ ಹುಟ್ಟುಹಾಕಿದ ಕೂಟವಿದು. ಬೆಂಗಳೂರಿನಲ್ಲೂ ಇದರ ಗುಂಪುಗಳಿವೆ. ಶುರುವಿನಲ್ಲಿ ಒಂದೊಂದು ಗುಂಪಿಗೂ ಒಂದೊಂದು ಕಟ್ಟಳೆ: ಇಂಥವರು ಬರಕೂಡದು, ಅಂಥವರು ಬರಕೂಡದು. ಎಲ್ಲಾ ಪಟ್ಟಿ ಕೂಡಿಸಿದರೆ ಒಬ್ಬನೂ ಒಳಗೆ ಬರುವ ಹಾಗಿರಲಿಲ್ಲ! ಕಡೆಗೆ 1950ರಲ್ಲಿ ಒಪ್ಪಿದ ಹನ್ನೆರಡು ಸಂಪ್ರದಾಯಗಳಲ್ಲಿ ಸದಸ್ಯತ್ವಕ್ಕೆ ಉಳಿದದ್ದು ಒಂದೇ ಷರತ್ತು, ಕುಡಿತ ಬಿಡುವ ಆಸೆ.

ಹಾಗಿರುವಾಗ ಪಾಸ್‌ವರ್ಡ್ ಇಟ್ಟರೆ, ಕೈ ನಡುಗುತ್ತಾ ಮೊದಲ ಸಲ ಬರುವವನಿಗೆ ಅದನ್ನು ಹೇಳುವವರ್ಯಾರು?

ಕಂಡುಕೊಂಡ ದಾರಿ ಇಷ್ಟು. ಒಳಗೆ ಬಿಡೋ ಮುಂಚೆ ಕಾಯೋ ಕೋಣೆ. ಬಂದವರ ಮೈಕು ಮೊದಲೇ ಬಂದ್. ಪುಂಡಾಟ ಕಂಡರೆ ಮಾತಿಲ್ಲದೆ ಹೊರಕ್ಕೆ. ಏಪ್ರಿಲ್ 5ರಿಂದ ಜೂಮ್ ಕಂಪನಿಯೇ ಅನೇಕ ಖಾತೆಗಳಿಗೆ ಕಾಯುವ ಕೋಣೆ ಹಾಕಿಕೊಟ್ಟಿತು. ಬಾಗಿಲಲ್ಲಿ ಕೂತವನು ವಾದಕ್ಕೆ ಮಾತ್ರ ಇಳಿಯಬಾರದು, ಪುಂಡನಿಗೆ ವಾದವೇ ಮೃಷ್ಟಾನ್ನ.

ಆದರೆ ಕುಡಿದೇ ಬಂದು ತೊದಲುವವನನ್ನೂ ಪುಂಡ ಅಂತ ದಬ್ಬಿದರೆ? ಕೂಟ ಇರೋದೇ ಅವನಿಗಾಗಿ. ಅಂಥವನಿಗೆ ಎಷ್ಟೋ ಗುಂಪುಗಳಲ್ಲಿ ಹೇಳೋದಿಷ್ಟೇ: ಇವತ್ತು ಸುಮ್ಮನೆ ಕೂತು ಕೇಳಪ್ಪಾ, ಸಭೆ ಮುಗಿದ ಮೇಲೆ ಮಾತಾಡೋಣ.